ಹಾಲೋವೀನ್ ಮತ್ತು ಹಳೆಯ ಭಯಾನಕ ಚಿತ್ರಗಳು

ಅಕ್ಟೋಬರ್ ತಿಂಗಳ ಕೊನೆಯ ದಿನ ಅಮೆರಿಕದಲ್ಲಿ ಹಾಲೋವೀನ್ ಎಂಬ ಹಬ್ಬ. ಕುಂಬಳಕಾಯಿಯ ತಿರುಳು ತೆಗೆದು, ಕಣ್ಣು ಮೂಗು ಬಾಯಿ ಕೊರೆದು, ಒಳಗೆ ದೀಪವಿಟ್ಟು ಬಾಗಿಲ ಮುಂದಿರಿಸುತ್ತಾರೆ. ಮಕ್ಕಳು ದೆವ್ವಗಳ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಬೇಡುತ್ತಾರೆ. ಇದರ ಬೇರು ಐರ್ಲೆಂಡಿನ ಒಂದು ಪುರಾತನ ಹಬ್ಬದಲ್ಲಿದೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ಸಂಧಿಯಲ್ಲಿ ಸತ್ತವರ ಲೋಕಕ್ಕೂ ನಮ್ಮ ಲೋಕಕ್ಕೂ ನಡುವಿನ ಬಾಗಿಲು ತೆರೆದಿರುತ್ತದೆಂದು ಅಲ್ಲಿಯವರ ನಂಬಿಕೆ. ವಲಸೆ ಹೋದ ಐರಿಷರು ಆಚರಣೆಯನ್ನು ಅಮೆರಿಕಕ್ಕೆ ಒಯ್ದರು. ತಮ್ಮೂರಿನಲ್ಲಿ ಟರ್ನಿಪ್ ಗೆಡ್ಡೆಗಳನ್ನು ಕೊರೆಯುತ್ತಿದ್ದವರಿಗೆ ಅಲ್ಲಿ ಕುಂಬಳಕಾಯಿ ಸಿಕ್ಕಿತು.

ಹಬ್ಬದ ಕಥೆ ಅಷ್ಟು ಸಾಕು. ನಾನು ಬರೆಯಹೊರಟಿರುವುದು ಅದಕ್ಕೆ ಆಮೇಲೆ ಅಂಟಿಕೊಂಡ ಇನ್ನೊಂದು ಆಚರಣೆಯ ವಿಷಯ: ಅಕ್ಟೋಬರ್ ಬಂತೆಂದರೆ ಹಳೆಯ ಕಪ್ಪು-ಬಿಳುಪಿನ ಭಯಾನಕ ಚಿತ್ರಗಳನ್ನು ಹುಡುಕಿ ನೋಡುವುದು. ಇದು ಬಹುಮಟ್ಟಿಗೆ ಮನೆಯ ಟೆಲಿವಿಷನ್ನಿನ ಮುಂದೆ ಬೆಳೆದ ಅಭ್ಯಾಸ. 1957ರಲ್ಲಿ ಯೂನಿವರ್ಸಲ್ ಸಂಸ್ಥೆಯ 52 ಹಳೆಯ ಚಿತ್ರಗಳನ್ನು ‘ಷಾಕ್’ ಎಂಬ ಹೆಸರಿನಲ್ಲಿ ಒಂದೇ ಕಟ್ಟಾಗಿ ಅಮೆರಿಕದ ಟೆಲಿವಿಷನ್ ಕೇಂದ್ರಗಳಿಗೆ ಕೊಟ್ಟರು. 1931ರಲ್ಲಿ ದೊಡ್ಡವರನ್ನು ಹೆದರಿಸಲೆಂದು ತೆಗೆದ ಚಿತ್ರಗಳನ್ನು ಕಾಲು ಶತಮಾನದ ಮೇಲೆ ಮಕ್ಕಳು ನಿದ್ದೆಗೆಟ್ಟು, ಹೆದರಿಕೆಗಿಂತ ಹೆಚ್ಚಾಗಿ ಪ್ರೀತಿಯಿಂದ ನೋಡಿದರು. ನಾನೂ ಪ್ರತಿ ವರ್ಷ ಈ ದಿನಗಳಲ್ಲಿ ಒಂದೆರಡನ್ನು ತಪ್ಪದೆ ನೋಡುತ್ತೇನೆ. ಜೊತೆಗೆ ಕುಳಿತ ಹುಡುಗರು ನಗುವುದುಂಟು. “ಇದರಲ್ಲಿ ಹೆದರುವುದಕ್ಕೆ ಏನಿದೆ, ಮಾವ?” ಎಂದು ಕೇಳುವುದೂ ಉಂಟು. ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಹೆದರಿಸದ ಭಯಾನಕ ಚಿತ್ರಕ್ಕೆ ಏನು ಬೆಲೆ? ನಮಗಿರುವುದು ಬರಿಯ ಹಳೆಯದರ ಮೋಹವೋ, ಆ ಚಿತ್ರಗಳಲ್ಲಿಯೇ ಏನಾದರೂ ಇದೆಯೋ?

ನಮ್ಮ ಲಾಕ್ಷಣಿಕರು ಭಯದಿಂದಲೂ ರಸ ಹುಟ್ಟುತ್ತದೆಂದು ಒಪ್ಪಿಕೊಂಡವರು. ಭಯಾನಕಕ್ಕೆ ಯಾವುದು ವಿಭಾವ ಎಂದು ಹೇಳುವಾಗ ಭರತನು ವಿಕೃತವಾದ ಧ್ವನಿ, ಭೂತಗಳ ದರ್ಶನ, ನರಿ ಗೂಬೆಗಳು, ಪಾಳುಮನೆ, ಕಾಡು ಎಂದು ಎಣಿಸುತ್ತಾನೆ. ಟಾಡ್ ಬ್ರೌನಿಂಗ್ ನಿರ್ದೇಶಿಸಿದ 1931ರ ‘ಡ್ರಾಕುಲ’ದ ಮೊದಲ ಭಾಗ ಈ ಪಟ್ಟಿಯನ್ನು ಮುಂದಿಟ್ಟುಕೊಂಡೇ ತೆಗೆದಂತಿದೆ. ತೋಳಗಳ ಊಳು, ಜೇಡರ ಬಲೆ ಕಟ್ಟಿದ ಕೋಟೆ, ಮೋಂಬತ್ತಿ ಹಿಡಿದು ಮೆಟ್ಟಿಲಿಳಿಯುವ ಬೇಲಾ ಲುಗೋಸಿ. ಹಿನ್ನೆಲೆ ಸಂಗೀತವಿಲ್ಲದ ಆ ಮೌನವೇ ಒಂದು ಪಾತ್ರ. ಆದರೆ ಕಥೆ ಇಂಗ್ಲೆಂಡಿಗೆ ಬಂದೊಡನೆ ಚಿತ್ರ ನಾಟಕವಾಗಿಬಿಡುತ್ತದೆ. ಹಜಾರದಲ್ಲಿ ನಿಂತವನೊಬ್ಬ ಕಿಟಕಿಯಾಚೆ ನೋಡಿ, ಅಗೋ ದೊಡ್ಡ ಪ್ರಾಣಿಯೊಂದು ಓಡುತ್ತಿದೆ ಎಂದು ನಮಗೆ ವರದಿ ಒಪ್ಪಿಸುತ್ತಾನೆ! ಈ ಭಾಗದಲ್ಲಿ ಹುಡುಗರು ನಕ್ಕರೆ ನನ್ನ ಆಕ್ಷೇಪಣೆಯಿಲ್ಲ. ಇದೇ ಕಥೆಯನ್ನು ಜರ್ಮನಿಯ ಮುರ್ನೌ 1922ರಲ್ಲಿಯೇ ‘ನೊಸ್ಫೆರಾಟು’ ಎಂಬ ಮೂಕಚಿತ್ರವಾಗಿ ಮಾಡಿದ್ದ. ಅದು ಇದಕ್ಕಿಂತ ಮೇಲು. ಹಕ್ಕು ಪಡೆಯದೆ ತೆಗೆದದ್ದೆಂದು ಕಾದಂಬರಿಕಾರ ಬ್ರಾಮ್ ಸ್ಟೋಕರನ ವಿಧವೆ ದಾವೆ ಹೂಡಿದಳು. ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ನ್ಯಾಯಾಲಯ ಆಜ್ಞೆ ಮಾಡಿತು. ಆದರೂ ಕೆಲವು ಉಳಿದುಕೊಂಡವು. ಸತ್ತರೂ ಸಾಯದವನ ಕಥೆಗೆ ತಕ್ಕ ಹಣೆಬರಹ!

ಕಾಣಿಸದೆ ಹೆದರಿಸುವ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದೆ ಹೋದವನು ಆರ್‌ಕೆಓ ಸಂಸ್ಥೆಯ ನಿರ್ಮಾಪಕ ವ್ಯಾಲ್ ಲೂಟನ್. ಸಂಸ್ಥೆಯವರು ಅವನಿಗೆ ಚಿತ್ರದ ಹೆಸರನ್ನು ಮಾತ್ರ ಕೊಡುವರು, ಅದಕ್ಕೊಂದು ಕಥೆ ಕಟ್ಟುವುದು ಇವನ ಪಾಡು. ಹಾಗೆ ಹುಟ್ಟಿದ್ದು ಜಾಕ್ ಟೂರ್ನರ್ ನಿರ್ದೇಶಿಸಿದ 1942ರ ‘ಕ್ಯಾಟ್ ಪೀಪಲ್’. ಹಣ ಅಲ್ಪ, ಮನೆಯ ಮೆಟ್ಟಿಲುಗಳು ಕೂಡ ಆರ್ಸನ್ ವೆಲ್ಸನ ಇನ್ನೊಂದು ಚಿತ್ರಕ್ಕೆ ಕಟ್ಟಿ ಬಿಟ್ಟಿದ್ದವು. ಐರೀನಾ ಎಂಬ ಸರ್ಬಿಯದ ಹೆಣ್ಣಿಗೆ, ಗಂಡನನ್ನು ಹತ್ತಿರ ಸೇರಿಸಿದರೆ ತಾನು ಚಿರತೆಯಾಗುತ್ತೇನೆಂಬ ಭಯ. ಗಂಡ ಸಹೋದ್ಯೋಗಿನಿಯೊಬ್ಬಳತ್ತ ಒಲಿಯುತ್ತಾನೆ. ಒಂದು ರಾತ್ರಿ ಆ ಸಹೋದ್ಯೋಗಿನಿ ಉದ್ಯಾನದ ಪಕ್ಕದ ರಸ್ತೆಯಲ್ಲಿ ಒಬ್ಬಳೇ ಬರುತ್ತಿದ್ದಾಳೆ. ಹಿಂದೆ ಐರೀನಾಳ ಹೆಜ್ಜೆಯ ಸದ್ದು. ಒಂದು ದೀಪದಿಂದ ಇನ್ನೊಂದು ದೀಪಕ್ಕೆ, ನಡುವೆ ಕತ್ತಲೆ. ಇದ್ದಕ್ಕಿದ್ದಂತೆ ಹಿಂದಿನ ಹೆಜ್ಜೆ ನಿಂತುಹೋಗುತ್ತದೆ. ಮುಂದಿನವಳು ಓಡತೊಡಗುತ್ತಾಳೆ. ಬೆಕ್ಕು ಬುಸುಗುಟ್ಟಿದಂತೆ ಸದ್ದು. ನೋಡಿದರೆ ಬಸ್ಸು ಬಂದು ನಿಂತಿರುತ್ತದೆ! ಅಷ್ಟೇ. ಏನೂ ನಡೆಯಲಿಲ್ಲ. ಸದ್ದಿನಿಂದ ಬೆಚ್ಚಿಬೀಳಿಸುವ ಈ ಉಪಾಯವನ್ನು ಅಂದಿನಿಂದ ಸಾವಿರ ಜನ ಬಳಸಿ ಸವೆಸಿದ್ದಾರೆ. ಅವರು ಬಸ್ಸನ್ನು ನೆನಪಿಟ್ಟುಕೊಂಡರು, ಹೆಜ್ಜೆ ನಿಂತದ್ದನ್ನು ಮರೆತರು.

ಇದೇ ಟೂರ್ನರ್ 1957ರಲ್ಲಿ ‘ನೈಟ್ ಆಫ್ ದ ಡೀಮನ್’ ತೆಗೆದಾಗ, ಪಿಶಾಚಿಯನ್ನು ಎದುರೆದುರಿಗೆ ತೋರಿಸಲೇಬೇಕೆಂದು ನಿರ್ಮಾಪಕ ಹಟಹಿಡಿದು ಬೊಂಬೆಯೊಂದನ್ನು ತುರುಕಿಸಿದ. ಬೊಂಬೆ ಬಂದೊಡನೆ ಭಯ ಎದ್ದುಹೋಗುತ್ತದೆ. ಹಾಗಾದರೆ ಮರೆಮಾಡುವುದೇ ಭಯಾನಕದ ಸರ್ವಸ್ವ ಎಂದು ಸೂತ್ರ ಬರೆದುಬಿಡಬಹುದೆ? ಬರೆಯಲು ಹೊರಟವರನ್ನು ತಡೆಯುವ ಚಿತ್ರ ಒಂದಿದೆ.

ಅದು ಜೇಮ್ಸ್ ವೇಲ್ ನಿರ್ದೇಶಿಸಿದ 1931ರ ‘ಫ್ರಾಂಕೆನ್‌ಸ್ಟೈನ್’. (ಹೆಸರು ವಿಜ್ಞಾನಿಯದು, ಅವನು ಸೃಷ್ಟಿಸಿದ ಜೀವಕ್ಕೆ ಹೆಸರೇ ಇಲ್ಲ.) ಹೆಣಗಳ ಅಂಗಾಂಗಗಳನ್ನು ಹೊಲಿದು ಮಾಡಿದ ಆ ದೇಹದ ಪಾತ್ರ ವಹಿಸಿದವನು ಬೋರಿಸ್ ಕಾರ್ಲಾಫ್. ರಷ್ಯನ್ ಹೆಸರಾದರೂ ಆತ ಲಂಡನ್ನಿನವ, ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. ತಂದೆ ನಮ್ಮ ದೇಶದಲ್ಲಿ ಬ್ರಿಟಿಷರ ಉಪ್ಪಿನ ಸುಂಕದ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವನು. ಚಿತ್ರದ ಆರಂಭದ ಹೆಸರುಪಟ್ಟಿಯಲ್ಲಿ ಈತನ ಹೆಸರಿರಬೇಕಾದ ಕಡೆ ಬರಿಯ ಪ್ರಶ್ನಾರ್ಥಕ ಚಿಹ್ನೆ. ಜ್ಯಾಕ್ ಪಿಯರ್ಸ್ ಎಂಬ ಪ್ರಸಾಧನಕಾರ ಚಪ್ಪಟೆ ತಲೆ, ಮೇಣ ಮೆತ್ತಿ ಭಾರವಾಗಿಸಿದ ರೆಪ್ಪೆಗಳು, ಕತ್ತಿನಲ್ಲಿ ಲೋಹದ ಗೂಟ ಇವನ್ನೆಲ್ಲ ಹಚ್ಚಿದ. ಅಷ್ಟೆಲ್ಲ ಹಚ್ಚಿದ ಮೇಲೂ ಒಳಗಿನ ಮುಖ ಸಾಯಲಿಲ್ಲವೆಂಬುದೇ ಆಶ್ಚರ್ಯ.

ಅವನು ತೆರೆಗೆ ಬರುವುದು ಬೆನ್ನುಮಾಡಿಕೊಂಡು. ತಿರುಗುತ್ತಾನೆ, ಕ್ಯಾಮೆರಾ ಮೂರು ನೆಗೆತದಲ್ಲಿ ಮುಖದ ಹತ್ತಿರಕ್ಕೆ ಹೋಗುತ್ತದೆ. ಹೆದರಿಕೆ ಇರುವುದು ಇಲ್ಲಿಯವರೆಗೆ ಮಾತ್ರ. ವಿಜ್ಞಾನಿ ಅವನನ್ನು ಕುರ್ಚಿಯಲ್ಲಿ ಕೂರಿಸಿ ಮೇಲಿನ ಗವಾಕ್ಷಿಯನ್ನು ತೆರೆಯುತ್ತಾನೆ. ಬೆಳಕು ಬೀಳುತ್ತದೆ. ಹುಟ್ಟಿದಂದಿನಿಂದ ಬೆಳಕನ್ನೇ ಕಾಣದ ಆ ಜೀವ ಮುಖವೆತ್ತಿ, ಎದ್ದು ನಿಂತು, ಎರಡು ಕೈಗಳನ್ನೂ ಮೇಲಕ್ಕೆತ್ತಿ ಬೆಳಕನ್ನು ಹಿಡಿಯಲು ಹೋಗುತ್ತದೆ. ಗವಾಕ್ಷಿ ಮುಚ್ಚುತ್ತದೆ. ಕೈಗಳು ಹಾಗೇ ಬೇಡುತ್ತಾ ಉಳಿಯುತ್ತವೆ. ಒಡನೆಯೇ ಗೂನುಬೆನ್ನಿನ ಸಹಾಯಕ ಉರಿಯುವ ಪಂಜನ್ನು ಮುಖಕ್ಕೆ ಹಿಡಿದು ಹೆದರಿಸುತ್ತಾನೆ. ಬೆಳಕನ್ನು ಬಯಸಿದವನಿಗೆ ಸಿಕ್ಕಿದ್ದು ಬೆಂಕಿ. ಈ ಎರಡು ನಿಮಿಷಗಳಲ್ಲಿ ಒಂದೂ ಮಾತಿಲ್ಲದೆ ಕಾರ್ಲಾಫ್ ಹೇಳಿದಷ್ಟನ್ನು, ಮಾತಿನ ಮಲ್ಲರಾದ ನಟರು ಇಡೀ ಚಿತ್ರದಲ್ಲಿ ಹೇಳಿದ್ದನ್ನು ನಾನು ಕಂಡದ್ದು ಕಡಿಮೆ.

ಮುಂದೆ ಕೊಳದ ದಂಡೆ. ಮರಿಯಾ ಎಂಬ ಪುಟ್ಟ ಹುಡುಗಿ ಅವನನ್ನು ಕಂಡು ಹೆದರುವುದಿಲ್ಲ, ಹೂವು ಕೊಡುತ್ತಾಳೆ. ಅವನು ನಗುತ್ತಾನೆ. ಇಬ್ಬರೂ ಹೂಗಳನ್ನು ನೀರಿಗೆಸೆದು ದೋಣಿಯಂತೆ ತೇಲುವುದನ್ನು ನೋಡುತ್ತಾರೆ. ಹೂಗಳು ಮುಗಿದಾಗ, ಇವಳೂ ತೇಲುತ್ತಾಳೆಂದು ಅವನು ಮಗುವನ್ನೇ ಎತ್ತಿ ನೀರಿಗೆಸೆಯುತ್ತಾನೆ. ಮಗು ತೇಲುವುದಿಲ್ಲ. ಅವನು ದಿಕ್ಕುಗೆಟ್ಟು ಓಡುತ್ತಾನೆ.

ಕೆಲವು ರಾಜ್ಯಗಳ ಸೆನ್ಸಾರರಿಗೆ ಇದು ಕ್ರೂರವೆಂದು ತೋರಿತು, ಕತ್ತರಿಸಿದರು. ಮರುಬಿಡುಗಡೆಯ ಪ್ರತಿಗಳಲ್ಲಿಯೂ ಅದು ಇಲ್ಲವಾಯಿತು. ದಶಕಗಟ್ಟಲೆ ಜನ ನೋಡಿದ್ದೇನು? ದೈತ್ಯನ ಕೈಗಳು ಹುಡುಗಿಯತ್ತ ಚಾಚುತ್ತವೆ. ಅಲ್ಲಿಗೆ ದೃಶ್ಯ ಮುಗಿಯುತ್ತದೆ. ಆಮೇಲೆ ತಂದೆ ಸತ್ತ ಮಗುವನ್ನು ಎತ್ತಿಕೊಂಡು, ಮದುವೆಯ ಸಂಭ್ರಮದಲ್ಲಿರುವ ಊರಿನ ಬೀದಿಯಲ್ಲಿ ನಡೆದು ಬರುತ್ತಾನೆ. ನಡುವೆ ಏನಾಯಿತೆಂಬುದನ್ನು ಪ್ರೇಕ್ಷಕನೇ ಕಲ್ಪಿಸಿಕೊಳ್ಳಬೇಕು. ಕಲ್ಪಿಸಿಕೊಂಡದ್ದು ನಿಜವಾದದ್ದಕ್ಕಿಂತ ಎಷ್ಟೋ ಹೇಯ. ಕ್ರೌರ್ಯವನ್ನು ತೆಗೆಯಲು ಹೋದವರು ತೆಗೆದದ್ದು ಆ ಜೀವದ ಮುಗ್ಧತೆಯನ್ನು. ತುಂಡಾದ ಭಾಗ ಮತ್ತೆ ಸೇರಿದ್ದು 1980ರ ದಶಕದಲ್ಲಿ. ಟೂರ್ನರನ ಕತ್ತಲೆ ಭಯವನ್ನು ಹೆಚ್ಚಿಸಿತು. ಸೆನ್ಸಾರರ ಕತ್ತಲೆ ಕರುಣವನ್ನು ಕೊಂದಿತು. ಯಾವುದನ್ನು ಮರೆಮಾಡಬೇಕೆಂಬುದು ಯಾವ ರಸ ಬೇಕೆಂಬುದರ ಮೇಲೆ ನಿಂತಿದೆ.

ಚಿತ್ರದಲ್ಲಿ ದೋಷವಿಲ್ಲವೆಂದಲ್ಲ. ಸಹಾಯಕ ಒಳ್ಳೆಯ ಮಿದುಳಿನ ಜಾಡಿಯನ್ನು ಬೀಳಿಸಿ ಅಪರಾಧಿಯ ಮಿದುಳನ್ನು ಕದ್ದು ತರುತ್ತಾನೆ. ದೈತ್ಯ ಕೆಡುಕನಾದದ್ದು ಅದರಿಂದ ಎಂದು ಕಥೆಯ ಸಮಜಾಯಿಷಿ. ಮೇರಿ ಷೆಲ್ಲಿಯ 1818ರ ಕಾದಂಬರಿಯಲ್ಲಿ ಈ ಅಗ್ಗದ ಉಪಾಯವಿಲ್ಲ. ಅಲ್ಲಿ ಆ ಜೀವ ಓದುಬರಹ ಕಲಿಯುತ್ತದೆ, ಎಲ್ಲರಿಂದ ಕಲ್ಲೇಟು ತಿಂದು ಕ್ರೂರವಾಗುತ್ತದೆ. ಪುಣ್ಯಕ್ಕೆ ಕಾರ್ಲಾಫ್ ಆ ಜಾಡಿಯ ಕಥೆಯನ್ನು ನಂಬಿದಂತೆ ಕಾಣುವುದಿಲ್ಲ. ಕಥೆ ಒಂದು ಹೇಳಿದರೆ ಮುಖ ಇನ್ನೊಂದು ಹೇಳುತ್ತದೆ, ನಾವು ಮುಖವನ್ನು ನಂಬುತ್ತೇವೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಜಾನ್ ಕಾರ್ಪೆಂಟರನ 1978ರ ‘ಹಾಲೋವೀನ್’ ನೋಡಬೇಕು. ಹಬ್ಬದ ರಾತ್ರಿ ಅಲ್ಲಿಯ ಮಕ್ಕಳು ಟೆಲಿವಿಷನ್ನಿನಲ್ಲಿ 1951ರ ‘ದ ಥಿಂಗ್’ ನೋಡುತ್ತಾ ಕುಳಿತಿದ್ದಾರೆ. ಹಳೆಯ ಚಿತ್ರದ ಅಭಿಮಾನಿಯೇ ತೆಗೆದದ್ದೆಂದು ತಿಳಿಯುತ್ತದೆ. ರಕ್ತವೂ ಕಡಿಮೆ, ಇದನ್ನು ಅನುಕರಿಸಿದವರಂತೆ ಕಾರ್ಪೆಂಟರ್ ಭಯಾನಕವನ್ನು ಬಿಟ್ಟು ಬೀಭತ್ಸಕ್ಕೆ ಜಾರಲಿಲ್ಲ. ಚಿತ್ರ ನನ್ನನ್ನು ಚೆನ್ನಾಗಿಯೇ ಹೆದರಿಸಿತು. ಆದರೆ ಕೊಲೆಗಾರನಿಗೆ ಬಿಳಿಯ ಮುಖವಾಡ, ಅದರ ಹಿಂದೆ ಏನೂ ಇಲ್ಲ. ಅವನು ಶುದ್ಧ ಕೇಡು ಎಂದು ವೈದ್ಯನೊಬ್ಬ ಮತ್ತೆ ಮತ್ತೆ ಸಾರುತ್ತಾನೆ. ಅದನ್ನು ಅಲ್ಲವೆನ್ನುವ ಮುಖ ಚಿತ್ರದಲ್ಲಿಲ್ಲ. ಅಪರಾಧಿಯ ಮಿದುಳಿನ ಜಾಡಿ ಗೆದ್ದಿತು, ಕಾರ್ಲಾಫ್ ಸೋತ. ನಮ್ಮ ಹುಡುಗರು ಇಲ್ಲಿ ನಗುವುದಿಲ್ಲ, ನಿಜ. ಹೆದರುತ್ತಾರೆ, ಚಿತ್ರ ಮುಗಿದ ಮೇಲೆ ಆ ಕೊಲೆಗಾರನ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಕೊಳದ ದೃಶ್ಯವನ್ನು ನೋಡಿದ ದಿನ, ನಗುತ್ತಿದ್ದವನೇ “ಪಾಪ, ಅವನಿಗೇನು ಗೊತ್ತಿತ್ತು!” ಎಂದ.

ವೇಲ್ 1935ರಲ್ಲಿ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ತೆಗೆದ. ಇದರಲ್ಲಿ ತಮಾಷೆ ಹೆಚ್ಚು, ಅಲ್ಲಲ್ಲಿ ಅತಿ ಎನಿಸುವಷ್ಟು. ಆದರೆ ಕಾಡಿನ ಗುಡಿಸಿಲಿನ ಕುರುಡನ ಪ್ರಸಂಗ ಒಂದಿದೆ. ಪಿಟೀಲಿನ ದನಿಗೆ ಮರುಳಾಗಿ ಬಂದ ದೈತ್ಯನನ್ನು, ಕಣ್ಣಿಲ್ಲದ್ದರಿಂದ ಹೆದರದೆ, ಆ ಮುದುಕ ಒಳಗೆ ಕರೆದು ಗಂಜಿ ಕೊಡುತ್ತಾನೆ. ಜೊತೆಗಾರನನ್ನು ಕೊಟ್ಟೆಯೆಂದು ದೇವರಿಗೆ ಕೈಮುಗಿದು ಅಳುತ್ತಾನೆ. ದೈತ್ಯನ ಕೆನ್ನೆಯ ಮೇಲೂ ಒಂದು ಹನಿ ಇಳಿಯುತ್ತದೆ. ಮುದುಕ ಅವನಿಗೆ ಮಾತು ಕಲಿಸುತ್ತಾನೆ: ರೊಟ್ಟಿ, ದ್ರಾಕ್ಷಾರಸ, ಗೆಳೆಯ. ದಾರಿ ತಪ್ಪಿ ಬಂದ ಬೇಟೆಗಾರರು, ಕಣ್ಣಿರುವವರು, ಅವನನ್ನು ಗುರುತು ಹಿಡಿಯುತ್ತಾರೆ. ಗುಡಿಸಿಲು ಹೊತ್ತಿಕೊಳ್ಳುತ್ತದೆ. ಕುರುಡನನ್ನು ಎಳೆದುಕೊಂಡು ಹೋಗುತ್ತಾರೆ. ದೈತ್ಯ ಹೊಗೆಯೊಳಗಿಂದ ತಡವರಿಸುತ್ತಾ ಬಂದು, ಹೊಸದಾಗಿ ಕಲಿತ ‘ಗೆಳೆಯ’ ಎಂಬ ಮಾತನ್ನು ಪ್ರಶ್ನೆಯಂತೆ ನುಡಿಯುತ್ತಾನೆ.

ಈ ಅಕ್ಟೋಬರಿನಲ್ಲಿ ನೋಡುವ ಮನಸ್ಸಿದ್ದವರು 1931ರದನ್ನು ಮೊದಲು ನೋಡಿ, ಒಡನೆಯೇ 1935ರದನ್ನು ನೋಡಬೇಕು. ಎರಡೂ ಸೇರಿ ಎರಡೂವರೆ ಗಂಟೆಯಷ್ಟೂ ಆಗುವುದಿಲ್ಲ.