ಆಮೆಯ ಕಥೆ ಮತ್ತು ವಿಶ್ವದ ಕಥೆ: ಜನಪ್ರಿಯ ವಿಶ್ವವಿಜ್ಞಾನ ಗ್ರಂಥಗಳ ಓದು, ಹೊನ್ನವಳ್ಳಿ ಸೀಮೆಯ ನೆಲೆಯಿಂದ

ಸ್ಟೀಫನ್ ಹಾಕಿಂಗ್ ಅವರ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್' (1988) ಒಂದು ಜನಪದ ಕಥೆಯಿಂದ ಆರಂಭವಾಗುತ್ತದೆ. ಖಗೋಳವಿಜ್ಞಾನದ ಉಪನ್ಯಾಸವೊಂದು ಮುಗಿದ ಮೇಲೆ ವೃದ್ಧೆಯೊಬ್ಬಳು ಎದ್ದು ನಿಂತು, ಭೂಮಿ ಚಪ್ಪಟೆಯಾದುದೆಂದೂ ದೈತ್ಯ ಆಮೆಯೊಂದರ ಬೆನ್ನ ಮೇಲೆ ಇದೆಯೆಂದೂ ಹೇಳುತ್ತಾಳೆ. ಆ ಆಮೆಗೆ ಆಧಾರ ಯಾವುದೆಂಬ ಮರುಪ್ರಶ್ನೆಗೆ, ಕೆಳಗಿನ ತನಕವೂ ಆಮೆಗಳೇ ಇವೆಯೆಂದು ಉತ್ತರಿಸುತ್ತಾಳೆ. ಉಪನ್ಯಾಸಕ ಬರ್ಟ್ರಂಡ್ ರಸೆಲ್ ಇರಬಹುದೆಂದು ಕೆಲವರು ಹೇಳುತ್ತಾರೆಂಬುದು ಹಾಕಿಂಗ್ ನೀಡುವ ಮಾಹಿತಿ. ಇದೇ ಕಥೆ ವಿಲಿಯಂ ಜೇಮ್ಸ್ ಅವರ ಹೆಸರಿನಲ್ಲಿಯೂ ಪ್ರಚಲಿತವಾಗಿದೆ. ನಾಯಕ ಬದಲಾದರೂ ಕಥನ ಬದಲಾಗದಿರುವುದು, 'ಹೀಗೆಂದು ಹೇಳುತ್ತಾರೆ' ಎಂಬ ಸಾಕ್ಷ್ಯದ ಮೇಲೆಯೇ ಕಥೆ ನಿಲ್ಲುವುದು ಐತಿಹ್ಯದ ಲಕ್ಷಣಗಳು. 1690ರಲ್ಲಿ ಜಾನ್ ಲಾಕ್ ತನ್ನ ತತ್ತ್ವಶಾಸ್ತ್ರ ಗ್ರಂಥದಲ್ಲಿ ಇದೇ ಆಶಯವನ್ನು ಬಳಸಿದಾಗ ಉತ್ತರ ಹೇಳಲಾಗದೆ ಸೋಲುವವನು ಒಬ್ಬ ಭಾರತೀಯನಾಗಿದ್ದನು. ಆನೆಯ ಕೆಳಗೆ ಆಮೆಯನ್ನು ಇರಿಸಿದ ಬಳಿಕ ಅವನಲ್ಲಿ ಹೇಳಲು ಏನೂ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನಕ್ಕೆ ಬರುವ ವೇಳೆಗೆ ಆ ಸ್ಥಾನಕ್ಕೆ ಮುದುಕಿ ಬಂದಿದ್ದಾಳೆ. ತಿಳಿದವನು ಕೇಳುತ್ತಾನೆ, ತಿಳಿಯದವರು ಸೋಲುತ್ತಾರೆ ಎಂಬ ಚೌಕಟ್ಟು ಮಾತ್ರ ಹಾಗೆಯೇ ಇದೆ.

ಈ ಪುಟವನ್ನು ಕನ್ನಡದ ಓದುಗ ಓದುವ ಬಗೆ ಬೇರೆಯೇ ಆಗಬೇಕಾಗುತ್ತದೆ. ತಿಪಟೂರು ತಾಲ್ಲೂಕಿನ ಹೊನ್ನವಳ್ಳಿಯಂತಹ ಹೋಬಳಿ ಕೇಂದ್ರದಲ್ಲಿ ಆದಿಶೇಷ, ಕೂರ್ಮ, ಅಷ್ಟದಿಗ್ಗಜಗಳು ಪರಿಚಯಿಸಬೇಕಾದ ಸಂಗತಿಗಳಲ್ಲ. ಅದೇ ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದ ಭುವನೇಶ್ವರಿಯಲ್ಲಿ ನರ್ತಿಸುವ ಶಿವನ ಸುತ್ತ ಎಂಟು ದಿಕ್ಕುಗಳ ಪಾಲಕರನ್ನು ಕಂಡರಿಸಲಾಗಿದೆ. ವಿಶ್ವದ ನಕ್ಷೆಯೊಂದು ಅಲ್ಲಿ ಕಲ್ಲಿನಲ್ಲಿದೆ. ಇಂತಹ ಪರಿಸರದ ಓದುಗನಿಗೆ ಹಾಕಿಂಗ್ ಅವರ ಮುದುಕಿ ಪರಕೀಯಳಲ್ಲ, ಅವನ ಮನೆಯ ಅಜ್ಜಿ. ಪುಸ್ತಕದ ಮೊದಲ ನಗೆ ಯಾರ ಮೇಲೆ ಹರಿಯುತ್ತಿದೆ ಎಂಬುದು ಅವನಿಗೆ ತಟ್ಟನೆ ತಿಳಿಯುತ್ತದೆ. ಆದರೆ ಹಾಕಿಂಗ್ ನಗೆಯಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಆಕೆಗಿಂತ ನಾವು ಹೆಚ್ಚು ಬಲ್ಲೆವೆಂದು ಯಾವ ಆಧಾರದಿಂದ ಭಾವಿಸುತ್ತೇವೆ ಎಂದು ಅವರು ಕೂಡಲೇ ಕೇಳುತ್ತಾರೆ. ಗ್ರಂಥದ ಕೊನೆಯ ಅಧ್ಯಾಯದಲ್ಲಿ ಆಮೆಗಳ ಗೋಪುರವನ್ನೂ ಸೂಪರ್‌ಸ್ಟ್ರಿಂಗ್ ಸಿದ್ಧಾಂತವನ್ನೂ ಪಕ್ಕಪಕ್ಕದಲ್ಲಿ ಇರಿಸಿ, ಎರಡನೆಯದು ಎಷ್ಟೇ ಗಣಿತಬದ್ಧವಾಗಿದ್ದರೂ ವೀಕ್ಷಣೆಯ ಪುರಾವೆ ಎರಡಕ್ಕೂ ಇಲ್ಲವೆಂದು ಒಪ್ಪಿಕೊಳ್ಳುತ್ತಾರೆ. ಪುಸ್ತಕದ ಪ್ರಾಮಾಣಿಕತೆ ಇರುವುದು ಈ ಮರಳುವಿಕೆಯಲ್ಲಿ. ಆರಂಭವನ್ನು ಮಾತ್ರ ಓದಿ ಕೆಳಗಿಡುವವರಿಗೆ ಇದು ದಕ್ಕುವುದಿಲ್ಲ. ಈ ಪುಸ್ತಕದ ವಿಷಯದಲ್ಲಿ ಅಂತಹವರ ಸಂಖ್ಯೆ ಸಣ್ಣದಲ್ಲವೆಂಬುದು ಲೋಕಪ್ರಸಿದ್ಧ.

ಜನಪ್ರಿಯ ವಿಜ್ಞಾನವನ್ನು ಪ್ರಕಾರವಾಗಿ ಗ್ರಹಿಸಲು ಕನ್ನಡದಲ್ಲಿಯೇ ಒಂದು ಮಾದರಿ ಇದೆ: ಗಮಕ. ಒಬ್ಬರು ಕಾವ್ಯವನ್ನು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ವ್ಯಾಖ್ಯಾನಕಾರ ಎಷ್ಟು ದೂರ ಹೋದರೂ ಮುಂದಿನ ಪದ್ಯ ಅವನನ್ನು ಮೂಲಕ್ಕೆ ಎಳೆದು ತರುತ್ತದೆ. ಅರ್ಥ ತಪ್ಪಿದರೆ ಗುರುತಿಸಬಲ್ಲ ಹಿರಿಯರು ಜಗಲಿಯ ಮೇಲೆ ಕುಳಿತಿರುತ್ತಾರೆ. ವಿಶ್ವವಿಜ್ಞಾನದ ಮೂಲವೋ ಗಣಿತದಲ್ಲಿದೆ. ಒಂದೊಂದು ಸಮೀಕರಣವೂ ಮಾರಾಟವನ್ನು ಅರ್ಧಕ್ಕೆ ಇಳಿಸುತ್ತದೆಂಬ ಎಚ್ಚರಿಕೆಗೆ ಮಣಿದು, ಶಕ್ತಿ ಮತ್ತು ದ್ರವ್ಯರಾಶಿಯ ಸಂಬಂಧವನ್ನು ಹೇಳುವ ಐನ್‌ಸ್ಟೈನರ ಒಂದು ಸಮೀಕರಣವನ್ನು ಮಾತ್ರ ಉಳಿಸಿಕೊಂಡುದಾಗಿ ಹಾಕಿಂಗ್ ತಿಳಿಸಿದ್ದಾರೆ. ಹೀಗೆ ಜನಪ್ರಿಯ ಭೌತವಿಜ್ಞಾನ ಗ್ರಂಥವು ವಾಚನವಿಲ್ಲದ ವ್ಯಾಖ್ಯಾನವಾಗುತ್ತದೆ. ಓದುಗ ಉಪಮೆಗಳನ್ನು ಆಲಿಸುತ್ತಾನೆ, ಉಪಮೇಯ ಅವನಿಗೆ ಕಾಣುವುದಿಲ್ಲ. ಆದ್ದರಿಂದ ಉಪಮೆ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ವ್ಯಾಖ್ಯಾನಕಾರನೇ ಹೇಳಬೇಕಾಗುತ್ತದೆ. ಈ ಪ್ರಕಾರದ ಗ್ರಂಥಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ಸಿಗುವುದು ಕಷ್ಟ.

ಕನ್ನಡದ ಬರಹಗಾರರು ಈ ಹೊಣೆಯನ್ನು ಬಹಳ ಹಿಂದೆಯೇ ಹೊತ್ತಿದ್ದಾರೆ. ತುಮಕೂರು ಜಿಲ್ಲೆಯ ಬೆಳ್ಳಾವೆಯ ಮೂಲದ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುತ್ತಿದ್ದು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ 'ವಿಜ್ಞಾನ' ಪತ್ರಿಕೆಯನ್ನು ಆರಂಭಿಸಿದರು. ಪತ್ರಿಕೆ ಅಲ್ಪಾಯುಷಿಯಾಯಿತು. ಶಿವರಾಮ ಕಾರಂತರ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' 1959ರಿಂದ ಹೊರಬಂದಿತು. ಗಣಿತದ ಅಧ್ಯಾಪಕರಾಗಿದ್ದ ಜಿ.ಟಿ. ನಾರಾಯಣರಾವ್ (1926–2008) ಖಗೋಳವಿಜ್ಞಾನವನ್ನು ಕನ್ನಡದಲ್ಲಿ ತಮ್ಮದೇ ಶೈಲಿಯಲ್ಲಿ ಬರೆದರು. ಆ ಶೈಲಿಯ ಸಂಸ್ಕೃತಭಾರ ಕೆಲವರಿಗೆ ತೊಡಕಾಗಿರಬಹುದು, ಅದರ ಖಚಿತತೆಯನ್ನು ಯಾರೂ ಅಲ್ಲಗಳೆಯಲಾರರು.

ಪರಿಭಾಷೆಯ ಪ್ರಶ್ನೆ ಕೇವಲ ನಿಘಂಟಿನದಲ್ಲ. ಫ್ರೆಡ್ ಹಾಯ್ಲ್ 1949ರ ಬಿಬಿಸಿ ಬಾನುಲಿ ಭಾಷಣದಲ್ಲಿ 'ಬಿಗ್ ಬ್ಯಾಂಗ್' ಎಂಬ ಹೆಸರನ್ನು ಬಳಸಿದಾಗ ಅವರು ಆ ಸಿದ್ಧಾಂತದ ವಿರೋಧಿಯಾಗಿದ್ದರು. ಕನ್ನಡದಲ್ಲಿ ಅದು 'ಮಹಾಸ್ಫೋಟ'ವಾಯಿತು. ಗಣಿಗಾರಿಕೆಯನ್ನು ಕಂಡ ಚಿಕ್ಕನಾಯಕನಹಳ್ಳಿಯ ಕಡೆಯ ಓದುಗನಿಗೆ ಸ್ಫೋಟವೆಂದರೆ ಬಂಡೆಯ ಒಂದು ಜಾಗದಲ್ಲಿ ಮದ್ದು ಸಿಡಿದು ಚೂರುಗಳು ಸುತ್ತಲಿನ ಬಯಲಿಗೆ ಹಾರುವುದು. ಸಿದ್ಧಾಂತ ಹೇಳುವುದು ಇದಕ್ಕೆ ತದ್ವಿರುದ್ಧ: ಸುತ್ತಲೂ ಬಯಲಿಲ್ಲ, ಸಿಡಿದ ಜಾಗವೆಂಬುದಿಲ್ಲ, ಸುಮಾರು 1380 ಕೋಟಿ ವರ್ಷಗಳಿಂದ ದೇಶವೇ ಹಿಗ್ಗುತ್ತಿದೆ. 'ಬ್ರಹ್ಮಾಂಡ' ಎಂಬ ಪದವೂ ನಿರಪಾಯಕಾರಿಯಲ್ಲ. ಅಂಡವೆಂದ ಮೇಲೆ ಚಿಪ್ಪು ಬರುತ್ತದೆ, ಚಿಪ್ಪಿನೊಡನೆ ಹೊರಗು ಬರುತ್ತದೆ. ವಿಶ್ವದ ಹೊರಗೆ ಏನಿದೆ ಎಂಬ ಪ್ರಶ್ನೆಯ ಒಂದು ಪಾಲಾದರೂ ಈ ಪದದ ಹೊಟ್ಟೆಯಲ್ಲಿಯೇ ಇದೆ. 'ಕೃಷ್ಣವಿವರ', 'ಕಪ್ಪು ಕುಳಿ' ಎಂಬ ಜೋಡಿಯಲ್ಲಿ ಎರಡನೆಯದು ಸರಳವೆಂದು ತೋರುತ್ತದೆ. ಆದರೆ ತೆಂಗಿನ ಸಸಿಗೆ ಗುಣಿ ತೆಗೆಯುವ ಸೀಮೆಯಲ್ಲಿ ಕುಳಿಯೆಂದರೆ ಅಂಚು ಮತ್ತು ತಳ ಉಳ್ಳದ್ದು. ಘಟನಾ ದಿಗಂತವು ಮುಟ್ಟಬಹುದಾದ ಅಂಚಲ್ಲ, ದಾಟಿದವು ಹಿಂತಿರುಗಲಾಗದ ಗಡಿ. ಪದ ಸುಲಭವಾದಷ್ಟೂ ವಿವರಣೆಯ ಹೊಣೆ ಹೆಚ್ಚುತ್ತದೆ.

ಹಾಗಾದರೆ ದೇಶೀಯ ಉಪಮೆಗಳೇ ಪರಿಹಾರವೇ? ಹಿಗ್ಗುವ ವಿಶ್ವಕ್ಕೆ ಇಂಗ್ಲಿಷ್ ಗ್ರಂಥಗಳು ಒಣದ್ರಾಕ್ಷಿಯ ಬ್ರೆಡ್ಡನ್ನು ತರುತ್ತವೆ. ಒಲೆಯಲ್ಲಿ ಬ್ರೆಡ್ಡು ಉಬ್ಬುವುದನ್ನು ಕಾಣದ ಮನೆಗೆ ಅದನ್ನು ಹಾಗೆಯೇ ಹೊತ್ತು ತಂದ ಅನುವಾದಗಳು ಉಪಮೆಯನ್ನು ವಿವರಿಸಲು ಮತ್ತೊಂದು ಉಪಮೆಯನ್ನು ಹುಡುಕುವಂತಾಗುತ್ತದೆ. ಆದರೂ ತೆಂಗಿನಕಾಯಿಯನ್ನು ತಂದಿರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಕಾಯಿ ಹಿಗ್ಗುವುದಿಲ್ಲ. ಅದು ಸಲ್ಲುವ ಜಾಗ ಬೇರೆ ಇದೆ. ಹೊನ್ನವಳ್ಳಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಮನೆಗಳಲ್ಲಿ ಕಾಯನ್ನು ಮಟ್ಟೆಯ ಸಮೇತ ಅಟ್ಟದ ಮೇಲೆ ಹತ್ತು ತಿಂಗಳೋ ವರ್ಷವೋ ಇರಿಸುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಡಿಸಿಕೊಂಡು ಗಿಟುಕಾಗುತ್ತದೆ. ಒಡೆಯದೆಯೇ ಇದನ್ನು ತಿಳಿಯುವ ಬಗೆ ಒಂದೇ: ಕಿವಿಯ ಬಳಿ ಹಿಡಿದು ಅಲ್ಲಾಡಿಸುವುದು. ನೀರು ಉಳಿದ ಕಾಯಿಯ ಸದ್ದು ಬೇರೆ, ಕೊಬ್ಬರಿಯಾದುದರ ಸದ್ದು ಬೇರೆ.

ಒಡೆಯಲಾಗದ್ದನ್ನು ಅದರ ನಾದದಿಂದ ಅರಿಯುವ ಈ ಬಗೆಗೆ ಭೌತವಿಜ್ಞಾನದಲ್ಲಿ ಕನ್ನಡಿಗರೊಬ್ಬರ ಹೆಸರು ಸೇರಿದೆ. ಬೆಂಗಳೂರಿನಲ್ಲಿ ಜನಿಸಿದ ಸಿ.ವಿ. ವಿಶ್ವೇಶ್ವರ (1938–2017) 1970ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಪ್ರಕಾರ, ಕದಡಿದ ಕೃಷ್ಣವಿವರವು ಬಡಿದ ಗಂಟೆಯಂತೆ ಕಂಪಿಸಿ ಬೇಗನೆ ಅಡಗುತ್ತದೆ. ಆ ಕಂಪನದ ಆವರ್ತನ ಮತ್ತು ಅದು ಕುಗ್ಗುವ ವೇಗದಿಂದ ಕೃಷ್ಣವಿವರದ ದ್ರವ್ಯರಾಶಿಯನ್ನೂ ಆವರ್ತನೆಯನ್ನೂ ತಿಳಿಯಬಹುದು. 2015ರ ಸೆಪ್ಟೆಂಬರ್ 14ರಂದು ಲೈಗೋ ಉಪಕರಣಗಳು ಎರಡು ಕೃಷ್ಣವಿವರಗಳ ವಿಲೀನದಿಂದ ಹೊಮ್ಮಿದ ಗುರುತ್ವ ಅಲೆಗಳನ್ನು ಗ್ರಹಿಸಿದವು. ಸಂಕೇತದ ಕೊನೆಯ ಭಾಗ ಈ ಅಡಗುವ ನಾದಕ್ಕೆ ಹೊಂದಿಕೊಂಡಿತು. ಇಲ್ಲಿಯವರೆಗೆ ಕಾಯಿಯ ಉಪಮೆ ಸಲ್ಲುತ್ತದೆ. ಮುಂದೆ ಮುರಿಯುತ್ತದೆ: ಕಾಯಲ್ಲಿ ಗಿಟುಕು ಕರಟಕ್ಕೆ ಬಡಿದು ಸದ್ದಾಗುತ್ತದೆ, ಕೃಷ್ಣವಿವರದ ಒಳಗಿನಿಂದ ಯಾವ ಸುದ್ದಿಯೂ ಹೊರಬರುವುದಿಲ್ಲ, ಕಂಪಿಸುವುದು ಅದರ ಸುತ್ತಣ ದೇಶಕಾಲ. ಈ ಎರಡನೆಯ ವಾಕ್ಯವನ್ನು ಬರೆಯದ ಗ್ರಂಥ ಮೊದಲನೆಯದನ್ನು ಬರೆಯಬಾರದು. ವಿಶ್ವೇಶ್ವರರ ತಂದೆ ಸಿ.ಕೆ. ವೆಂಕಟರಾಮಯ್ಯನವರು ಕನ್ನಡದ ಲೇಖಕರು. ಮಗನಾದರೋ ಕೃಷ್ಣವಿವರಗಳನ್ನು ಕುರಿತ ತಮ್ಮ ಜನಪ್ರಿಯ ಗ್ರಂಥವನ್ನು (2006) ಇಂಗ್ಲಿಷಿನಲ್ಲಿ ಬರೆದರು. ಇದು ಒಬ್ಬ ವಿಜ್ಞಾನಿಯ ಆಯ್ಕೆಗಿಂತ ಹೆಚ್ಚಾಗಿ ಕನ್ನಡದ ಪ್ರಕಾಶನ ಮತ್ತು ಓದುಗ ವಲಯದ ಸ್ಥಿತಿಯನ್ನು ಹೇಳುತ್ತದೆ.

ಇದಕ್ಕಿಂತ ಅಪಾಯಕಾರಿಯಾದುದು ಸಮೀಕರಿಸುವ ಉತ್ಸಾಹ. ಮಂಟೇಸ್ವಾಮಿ ಕಾವ್ಯದ ಸೃಷ್ಟಿಕಥನವನ್ನೋ ಪುರಾಣದ ಪ್ರಳಯವನ್ನೋ ಮಹಾಸ್ಫೋಟದ ಮುನ್ಸೂಚನೆಯೆಂದು ಓದುವ ಬರಹಗಳು ವಿರಳವಲ್ಲ. ಇದರಿಂದ ಎರಡಕ್ಕೂ ನಷ್ಟ. 1965ರಲ್ಲಿ ಪೆನ್ಝಿಯಾಸ್ ಮತ್ತು ವಿಲ್ಸನ್ ಹಿನ್ನೆಲೆ ವಿಕಿರಣದ ಶೋಧವನ್ನು ಪ್ರಕಟಿಸದಿದ್ದರೆ ಮಹಾಸ್ಫೋಟ ಸಿದ್ಧಾಂತ ಇಷ್ಟು ಬೇಗ ಗಟ್ಟಿಯಾಗುತ್ತಿರಲಿಲ್ಲ. ಸೋಲುವ ಸಾಧ್ಯತೆ ಅದಕ್ಕೆ ಇತ್ತು. ನೀಲಗಾರರು ಹಾಡುವ ಸೃಷ್ಟಿಕಥನ ಅಂತಹ ಪರೀಕ್ಷೆಗೆ ನಿಂತುದಲ್ಲ. ಅದು ಧರೆಗೆ ದೊಡ್ಡವರು ಯಾರು ಎಂಬುದನ್ನು ಹೇಳುತ್ತದೆ, ತ್ರಿಮೂರ್ತಿಗಳಿಗೂ ಮೇಲೆ ಕೆಳಜಾತಿಗಳ ಗುರುವನ್ನು ನಿಲ್ಲಿಸುತ್ತದೆ. ಅದನ್ನು ಭೌತವಿಜ್ಞಾನವನ್ನಾಗಿ ಮಾಡಿದರೆ ಅದರ ಸಾಮಾಜಿಕ ವಾದ ಅಳಿಸಿಹೋಗುತ್ತದೆ. ಮುದುಕಿಯನ್ನು ನೋಡಿ ನಗುವುದೂ ಅವಳನ್ನು ವಿಜ್ಞಾನಿಯೆಂದು ಮೆರೆಸುವುದೂ ಅವಳ ಮಾತನ್ನು ಕೇಳದಿರುವ ಎರಡು ವಿಧಾನಗಳು.

ಗ್ರಂಥಾಲಯಗಳ ಮಟ್ಟಿಗೆ ಉಳಿಯುವ ತೊಡಕು ಪಾಠಾಂತರದ್ದು. ಜನಪದ ಕಾವ್ಯದ ಪಾಠಾಂತರಗಳಲ್ಲಿ ಹಳೆಯದು ತಪ್ಪಾಗುವುದಿಲ್ಲ; ವಿಶ್ವವಿಜ್ಞಾನದಲ್ಲಿ ಆಗುತ್ತದೆ. 1959ರಲ್ಲಿ ಸ್ಥಿರಸ್ಥಿತಿ ಸಿದ್ಧಾಂತ ಇನ್ನೂ ಕಣದಲ್ಲಿತ್ತು. 1988ರ ಹಾಕಿಂಗ್ ಅವರಿಗೆ ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆಯೆಂಬ 1998ರ ಶೋಧ ತಿಳಿದಿರಲಿಲ್ಲ. ಈ ಮೂರು ಕಾಲಗಳ ಪುಸ್ತಕಗಳು ಒಂದೇ ಕಪಾಟಿನಲ್ಲಿ ಒಂದೇ ವರ್ಗಸಂಖ್ಯೆಯಡಿ ಅಕ್ಕಪಕ್ಕ ನಿಂತಿರುವಲ್ಲಿ, ಮುದ್ರಣದ ವರ್ಷವಲ್ಲದೆ ಮೊದಲ ರಚನೆಯ ವರ್ಷವನ್ನೂ ಸೂಚಿಪತ್ರದಲ್ಲಿ ನಮೂದಿಸುವುದು ಹೋಬಳಿ ಗ್ರಂಥಾಲಯಕ್ಕೂ ಅಸಾಧ್ಯವಾದ ಕೆಲಸವಲ್ಲ.