ಕೊಲೆಗಾರನನ್ನು ಬಿಟ್ಟು ಉಳಿದದ್ದನ್ನು ನೋಡಿ

‘ಪುಸ್ತಕದಷ್ಟು ಚೆನ್ನಾಗಿಲ್ಲ’ ಎಂದು ಎದ್ದುಹೋಗಲು ಯಾರ ಅಪ್ಪಣೆಯೂ ಬೇಡ. ಎಲ್ಲಿ ಕೆಟ್ಟಿತು ಎಂದು ಹಿಡಿದರೆ ಮಾತ್ರ ನೀವು ಪತ್ತೇದಾರಿ ಕಥೆಯ ರಸಿಕರು. ಹುಣಸಗಿಯ ಹೊಸ ನೋಡುಗರು ಅಭ್ಯಾಸಕ್ಕೆ 1965ರ ಹಿಂದಿ ‘ಗುಮ್‌ನಾಮ್’ ಇಟ್ಟುಕೊಳ್ಳಿ.

ಅದರ ಬೇರು ಅಗಾಥಾ ಕ್ರಿಸ್ಟಿಯ 1939ರ ಕಾದಂಬರಿಯಲ್ಲಿದೆ. ದ್ವೀಪದ ಒಂಟಿ ಮನೆಗೆ ಹತ್ತು ಜನ ಬರುತ್ತಾರೆ. ಒಬ್ಬೊಬ್ಬರ ತಲೆಯ ಮೇಲೂ ಕಾನೂನಿನ ಕೈಗೆ ಸಿಗದ ಒಂದೊಂದು ಸಾವಿನ ಹೊಣೆ. ಕೊಲೆಗಾರನನ್ನು ಹಿಡಿಯುವ ಪತ್ತೇದಾರನಿಲ್ಲ, ಬದುಕಿ ಹೊರಬರುವವರೂ ಇಲ್ಲ. ಹಗುರ ತಪ್ಪಿನವರು ಮೊದಲು ಸಾಯುತ್ತಾರೆ, ಘೋರ ತಪ್ಪಿನವರು ಕಾಯುತ್ತ ನರಳುತ್ತಾರೆ. ಇಲ್ಲಿ ಸಾವಿನ ಸರದಿಯೇ ತೀರ್ಪು.

‘ಗುಮ್‌ನಾಮ್’ ನಿರ್ದೇಶಕ ರಾಜಾ ನವಾಥೆ ಕೈ ಹಾಕಿದ್ದು ಸರಿಯಾಗಿ ಇದಕ್ಕೇ. ಮನೋಜ್ ಕುಮಾರ್ ಕೊನೆಗೆ ಪೊಲೀಸ್ ಅಧಿಕಾರಿ! ನಾಯಕ ನಿರ್ದೋಷಿ ಎಂದ ಮೇಲೆ ಅವನನ್ನು ಕೊಲ್ಲುವಂತಿಲ್ಲ, ನಾಯಕಿಯನ್ನೂ ಕೊಲ್ಲುವಂತಿಲ್ಲ. ಆ ಇಬ್ಬರ ಬಗ್ಗೆ ನಮಗೆ ಹೆದರಿಕೆಯೇ ಇಲ್ಲ. ಆದರೆ ಅಗಾಥಾ ಕ್ರಿಸ್ಟಿಯೇ ಈ ಕಾದಂಬರಿಯ 1943ರ ನಾಟಕರೂಪದಲ್ಲಿ ಇಬ್ಬರನ್ನು ಉಳಿಸಿದ್ದರು, ರೆನೆ ಕ್ಲೇರ್ 1945ರ ಸಿನಿಮಾದಲ್ಲಿ ಅದನ್ನೇ ಅನುಸರಿಸಿದರು. ಹಾಗಾಗಿ ಪೂರ್ತಿ ತಪ್ಪು ಮುಂಬೈಯವರದಲ್ಲ. ಮೆಹಮೂದ್ ನಗಿಸುತ್ತಾರೆ, ನಿಜ. ಆದರೆ ಪ್ರತಿ ನಗುವಿಗೂ ಒಂದು ಸುಳಿವು ಬಲಿ. ಶಂಕರ್-ಜೈಕಿಶನ್‌ರ ಶೀರ್ಷಿಕೆ ಗೀತೆ ಮಾತ್ರ ಚಿತ್ರಕಥೆಗಿಂತ ಚೆನ್ನಾಗಿ ಹೆದರಿಸುತ್ತದೆ.

ಸುಳಿವು ಎಂದರೇನು? ನಿಮ್ಮ ಪಕ್ಕದ ಇಸಾಂಪುರವನ್ನೇ ನೋಡಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರ ತಂಡ ಅಲ್ಲಿ ಕೈಕೊಡಲಿಗಳ ಜೊತೆ ಒಡೆದು ಬಿದ್ದ ಸುಣ್ಣಕಲ್ಲಿನ ಚಕ್ಕೆಗಳನ್ನೂ ಬಿಡದೆ ಓದಿತು. ಸುಮಾರು 12 ಲಕ್ಷ ವರ್ಷದ ಹಿಂದೆ ಮನುಷ್ಯರು ಕಲ್ಲು ಆರಿಸಿ, ಅಲ್ಲೇ ಆಯುಧ ಕೆತ್ತಿದ್ದು ಹೊರಬಂತು. ಚಕ್ಕೆ ಗುಡಿಸಿಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಬಹಳಷ್ಟು ನಿರ್ದೇಶಕರು ಮಾಡುವುದು ಈ ಗುಡಿಸುವ ಕೆಲಸವನ್ನೇ.

ಸಿನಿಮಾ ಮುಗಿದ ಮೇಲೆ ಹಿಂದಕ್ಕೆ ಹೋಗಿ: ಕೊಲೆಗಾರನ ಗುರುತು ಮೊದಲರ್ಧದಲ್ಲಿ ಕಣ್ಣೆದುರೇ ಇತ್ತೇ, ಅಥವಾ ಕೊನೆಯ ಹತ್ತು ನಿಮಿಷದಲ್ಲಿ ಯಾವುದೋ ಹಳೆಯ ಕಥೆ ತಂದು ತುರುಕಿದರೇ? ಎರಡನೆಯದಾದರೆ ಅದು ಮೋಸ. ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’ (1989) ಹಾಡಿಲ್ಲದೆ ಬಿಗಿ ಹಿಡಿದು ನಡೆದದ್ದನ್ನು ಪಕ್ಕಕ್ಕಿಟ್ಟು ನೋಡಿ, ವ್ಯತ್ಯಾಸ ಹೊಳೆಯುತ್ತದೆ. ಆಮೇಲೆ ಕೆ.ಎಂ. ಚೈತನ್ಯರ ‘ಆಟಗಾರ’ (2015). ಅದೂ ಇದೇ ದ್ವೀಪದ ಹಂದರ. ಅಲ್ಲಿ ಕೊಲೆಗಾರ ಯಾರು ಎಂದು ನಾನು ಹೇಳುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ನೀವೂ ಹೇಳಬೇಡಿ.