ಮೊದಲು ತಟ್ಟಿದವರಿಗೆ ತೆರೆಯುವ ಬಾಗಿಲು

ಅಮೆರಿಕದಲ್ಲಿ ಹೈಸ್ಕೂಲಿನ ಕೊನೆಯ ವರ್ಷ ಓದುವ ಮಕ್ಕಳಿರುವ ಮನೆಗಳಿಗೆ ನವೆಂಬರ್ 1 ದೊಡ್ಡ ದಿನ. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಿಗೆ ಮುಂಚಿತವಾಗಿ ಅರ್ಜಿ ಹಾಕಲು ಸಾಮಾನ್ಯವಾಗಿ ಅದೇ ಕಡೆಯ ದಿನ. ಉತ್ತರ ಡಿಸೆಂಬರ್ ನಡುವಿನಲ್ಲಿ ಬರುತ್ತದೆ. ಉಳಿದವರು ಜನವರಿಯ ಹೊತ್ತಿಗೆ ಅರ್ಜಿ ಹಾಕಿ ಮಾರ್ಚ್ ಕೊನೆಯವರೆಗೆ ಕಾಯಬೇಕು. ಕೇವಲ ಎರಡು ತಿಂಗಳ ವ್ಯತ್ಯಾಸ ತಾನೇ ಎಂದು ನಮಗೆ ಅನ್ನಿಸಬಹುದು. ಆದರೆ ಆ ಎರಡು ತಿಂಗಳಲ್ಲಿ ಯಾರ ಮಕ್ಕಳು ಒಳಗೆ, ಯಾರ ಮಕ್ಕಳು ಹೊರಗೆ ಎಂಬುದರ ದೊಡ್ಡ ಪಾಲು ತೀರ್ಮಾನವಾಗಿ ಹೋಗಿರುತ್ತದೆ.

ಈ ಏರ್ಪಾಡಿನ ಒಳಗುಟ್ಟನ್ನು ಅಂಕಿ ಅಂಶಗಳ ಸಮೇತ ಬಿಚ್ಚಿಟ್ಟ ಪುಸ್ತಕ ‘ದಿ ಅರ್ಲಿ ಅಡ್ಮಿಷನ್ಸ್ ಗೇಮ್’. ಬರೆದವರು ಕ್ರಿಸ್ಟೋಫರ್ ಏವರಿ, ಆ್ಯಂಡ್ರೂ ಫೇರ್‌ಬ್ಯಾಂಕ್ಸ್ ಮತ್ತು ರಿಚರ್ಡ್ ಝೆಕ್‌ಹೌಸರ್. ಏವರಿ ಮತ್ತು ಝೆಕ್‌ಹೌಸರ್ ಹಾರ್ವರ್ಡಿನ ಪ್ರಾಧ್ಯಾಪಕರು. ಫೇರ್‌ಬ್ಯಾಂಕ್ಸ್ ವೆಸ್ಲಿಯನ್ ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ ಅಧಿಕಾರಿಯಾಗಿ ಕೆಲಸ ಮಾಡಿದವರು. 2003ರಲ್ಲಿ ಇದನ್ನು ಹೊರತಂದದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ್ದೇ ಪ್ರಕಾಶನ. ಇಷ್ಟು ಹಳೆಯ ಪುಸ್ತಕವನ್ನು ಈಗೇಕೆ ಓದಬೇಕು? 2025ರ ಆಗಸ್ಟ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಕಾಲೇಜುಗಳ ವಿರುದ್ಧ ಅಮೆರಿಕದ ನ್ಯಾಯಾಲಯವೊಂದರಲ್ಲಿ ಇದೇ ಏರ್ಪಾಡಿನ ಕುರಿತು ಮೊಕದ್ದಮೆ ಹೂಡಲಾಯಿತು. ಪುಸ್ತಕ ಎತ್ತಿದ ಪ್ರಶ್ನೆಗೆ ವಯಸ್ಸಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೊದಲು ಆಟದ ನಿಯಮ ತಿಳಿಯೋಣ. ಮುಂಚಿತ ಅರ್ಜಿಯಲ್ಲಿ ಎರಡು ಬಗೆ. ‘ಅರ್ಲಿ ಡಿಸಿಷನ್’ ಎಂಬುದು ಒಪ್ಪಂದ. ವಿದ್ಯಾರ್ಥಿ ಒಂದೇ ಕಾಲೇಜಿಗೆ ಹೀಗೆ ಅರ್ಜಿ ಹಾಕಬಹುದು, ಸೀಟು ಸಿಕ್ಕರೆ ಅಲ್ಲಿಗೇ ಸೇರಬೇಕು, ಬೇರೆಡೆಯ ಅರ್ಜಿಗಳನ್ನು ಹಿಂಪಡೆಯಬೇಕು. ‘ಅರ್ಲಿ ಆ್ಯಕ್ಷನ್’ ಎಂಬುದರಲ್ಲಿ ಉತ್ತರ ಮಾತ್ರ ಬೇಗ ಬರುತ್ತದೆ, ಸೇರಲೇಬೇಕೆಂಬ ಕಟ್ಟುಪಾಡಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳದು ಈ ಎರಡನೆಯ ಬಗೆ. ಆದರೆ ಬೇರೆ ಖಾಸಗಿ ಕಾಲೇಜಿಗೆ ಅದೇ ಹೊತ್ತಿನಲ್ಲಿ ಮುಂಚಿತ ಅರ್ಜಿ ಹಾಕುವಂತಿಲ್ಲ ಎಂಬ ಷರತ್ತನ್ನು ಅವು ಸೇರಿಸಿವೆ.

ಲೇಖಕರು ಮಾಡಿದ ಕೆಲಸ ಸಣ್ಣದಲ್ಲ. 1990ರ ದಶಕದಲ್ಲಿ 14 ಕಾಲೇಜುಗಳಿಗೆ ಬಂದ ಐದು ಲಕ್ಷಕ್ಕೂ ಹೆಚ್ಚು ಅರ್ಜಿಗಳನ್ನು ಅವರು ಪರಿಶೀಲಿಸಿದರು. ನೂರಾರು ವಿದ್ಯಾರ್ಥಿಗಳನ್ನು ಮಾತಾಡಿಸಿದರು. ಕಾಲೇಜುಗಳು ಅಲ್ಲಿಯವರೆಗೂ ಹೇಳುತ್ತಿದ್ದ ಮಾತು ಒಂದೇ: ಬೇಗ ಅರ್ಜಿ ಹಾಕುವವರು ಹೆಚ್ಚು ಪ್ರತಿಭಾವಂತರು, ಅದಕ್ಕೇ ಅವರಲ್ಲಿ ಹೆಚ್ಚು ಮಂದಿಗೆ ಸೀಟು ಸಿಗುತ್ತದೆ. ಲೇಖಕರು ಸಮಾನ ಅಂಕ, ಸಮಾನ ಸಾಧನೆಯ ವಿದ್ಯಾರ್ಥಿಗಳನ್ನು ಅಕ್ಕಪಕ್ಕ ನಿಲ್ಲಿಸಿ ಹೋಲಿಸಿದರು. ಹಳೆಯ ವಿದ್ಯಾರ್ಥಿಗಳ ಮಕ್ಕಳು, ಕ್ರೀಡಾಪಟುಗಳು ಮುಂತಾದವರ ಲೆಕ್ಕವನ್ನು ಬೇರೆಯಿಟ್ಟು ನೋಡಿದರು. ಆಗಲೂ ಬೇಗ ಅರ್ಜಿ ಹಾಕಿದವನ ತಕ್ಕಡಿ ತೂಗುತ್ತಲೇ ಇತ್ತು. 1600 ಅಂಕಗಳ ‘ಸ್ಯಾಟ್’ ಪರೀಕ್ಷೆಯಲ್ಲಿ ನೂರರಷ್ಟು ಅಂಕ ಹೆಚ್ಚು ಪಡೆದರೆ ಸಿಗುವ ಲಾಭಕ್ಕೆ ಅದು ಸಮ ಎಂಬುದು ಅವರ ಅಂದಾಜು. ಅಂದರೆ ಒಂದು ತಾರೀಖು ನೂರು ಅಂಕಕ್ಕೆ ಸಮ!

ನಮ್ಮ ಮಗುವಿಗೆ ಎಷ್ಟು ಅವಕಾಶವಿದೆ ಎಂದು ಲೆಕ್ಕ ಹಾಕುವ ತಂದೆ ತಾಯಿ ಇಲ್ಲಿ ಒಂದು ಎಚ್ಚರ ವಹಿಸಬೇಕು. ಕಾಲೇಜುಗಳು ಪ್ರಕಟಿಸುವ ಶೇಕಡಾವಾರು ಅಂಕಿಯನ್ನು ಹಾಗೆಯೇ ನಂಬಿದರೆ ಮೋಸ ಹೋಗುತ್ತೇವೆ. 2023ರ ಡಿಸೆಂಬರ್‌ನಲ್ಲಿ ಹಾರ್ವರ್ಡ್ 7,921 ಮುಂಚಿತ ಅರ್ಜಿಗಳಲ್ಲಿ 692 ಮಂದಿಗೆ ಸೀಟು ಕೊಟ್ಟಿತು. ಶೇಕಡಾ 8.7. ಅದೇ ವರ್ಷದ ಉಳಿದ 46,087 ಅರ್ಜಿಗಳಲ್ಲಿ ಸೀಟು ಸಿಕ್ಕಿದ್ದು 1,245 ಮಂದಿಗೆ. ಶೇಕಡಾ 2.7. ಬೇಗ ಹಾಕಿದರೆ ಮೂರು ಪಟ್ಟು ಅವಕಾಶ ಎಂದು ಕುಣಿಯುವಂತಿಲ್ಲ. ಆ 692ರಲ್ಲಿ ಕೋಚ್‌ಗಳು ಮೊದಲೇ ಆರಿಸಿಕೊಂಡ ಆಟಗಾರರಿರುತ್ತಾರೆ, ಹಳೆಯ ವಿದ್ಯಾರ್ಥಿಗಳ ಮಕ್ಕಳಿರುತ್ತಾರೆ. ಯಾವ ಶಿಫಾರಸೂ ಇಲ್ಲದ ವಿದ್ಯಾರ್ಥಿಯ ಪಾಲಿಗೆ ಆ ಶೇಕಡಾ 8.7 ಖಂಡಿತ ಇಲ್ಲ. ಸೇರಲೇಬೇಕೆಂಬ ಒಪ್ಪಂದವಿರುವ ಕಾಲೇಜುಗಳಲ್ಲಿ ಬೇಗ ಬಂದವರಿಗೆ ಲಾಭ ಹೆಚ್ಚು, ಒಪ್ಪಂದವಿಲ್ಲದೆಡೆ ಕಡಿಮೆ. ಈ ಸೂಕ್ಷ್ಮವನ್ನು ಬಿಡಿಸಿ ತೋರಿಸಿದ್ದು ಪುಸ್ತಕದ ದೊಡ್ಡ ಕೊಡುಗೆ.

ಕಾಲೇಜುಗಳಿಗೆ ಇದರಿಂದ ಏನು ಲಾಭ? ಸೀಟು ಪಡೆದವರಲ್ಲಿ ಎಷ್ಟು ಮಂದಿ ನಿಜಕ್ಕೂ ಬಂದು ಸೇರುತ್ತಾರೆ ಎಂಬುದು ಕಾಲೇಜಿನ ಪ್ರತಿಷ್ಠೆಯ ಪ್ರಶ್ನೆ. ಒಪ್ಪಂದಕ್ಕೆ ಸಹಿ ಹಾಕಿದವರು ಬಂದೇ ಬರುತ್ತಾರೆ. ಅರ್ಧದಷ್ಟು ಸೀಟುಗಳನ್ನು ಹೀಗೆ ತುಂಬಿಕೊಂಡರೆ ಉಳಿದ ಅರ್ಧಕ್ಕೆ ಸಾವಿರಾರು ಜನ ಮುಗಿಬೀಳುತ್ತಾರೆ, ಬಹುಪಾಲು ಮಂದಿಯನ್ನು ತಿರಸ್ಕರಿಸಿ ಕಾಲೇಜು ತನ್ನ ಘನತೆ ಹೆಚ್ಚಿಸಿಕೊಳ್ಳುತ್ತದೆ. ಇನ್ನೊಂದು ಲಾಭವೂ ಇದೆ. ಬೇರೆಡೆ ಎಷ್ಟು ವಿದ್ಯಾರ್ಥಿ ವೇತನ ಸಿಗುತ್ತದೆ ಎಂದು ವಿಚಾರಿಸದೆ ಸಹಿ ಹಾಕಬಲ್ಲವರು ಯಾರು? ಶುಲ್ಕದ ಚಿಂತೆ ಇಲ್ಲದವರು. ಕೊಡುವ ನೆರವು ಸಾಲದೆ ಹೋದರೆ ಒಪ್ಪಂದದಿಂದ ಹೊರಬರಬಹುದು ಎಂಬ ಅವಕಾಶವೇನೋ ಇದೆ. ಆದರೆ ನಾಲ್ಕು ಕಡೆಯ ನೆರವನ್ನು ಮುಂದಿಟ್ಟುಕೊಂಡು ತೂಗಿ ನೋಡುವ ಸ್ವಾತಂತ್ರ್ಯ ಅವರಿಗಿಲ್ಲ. ಬಡವನ ಕೈಯಲ್ಲಿದ್ದ ಒಂದೇ ಒಂದು ಅಸ್ತ್ರ ಈ ಚೌಕಾಸಿ. ಅದನ್ನೇ ಬಾಗಿಲ ಬಳಿ ಕೆಳಗಿಡಿಸಿಕೊಳ್ಳಲಾಗುತ್ತದೆ.

ಈ ಪ್ರವೇಶ ಪದ್ಧತಿಯನ್ನು ಲೇಖಕರು ಮಂಗಳ ಗ್ರಹದ ಇಸ್ಪೀಟು ಮೇಜಿಗೆ ಹೋಲಿಸುತ್ತಾರೆ. ಆಟ ನಡೆದಿದೆ, ಪಣವೂ ಇದೆ, ಆದರೆ ನಿಯಮವನ್ನು ಯಾರೂ ಹೇಳುವುದಿಲ್ಲ. ಅವರ ಸಂದರ್ಶನಗಳಲ್ಲಿ ಸಿಕ್ಕಿದ್ದೂ ಅದೇ. ಒಳ್ಳೆಯ ಸಲಹೆಗಾರರಿರುವ ಶ್ರೀಮಂತ ಶಾಲೆಗಳ ಮಕ್ಕಳಿಗೆ ನಿಯಮ ಗೊತ್ತಿತ್ತು. ಸಾಮಾನ್ಯ ಸರ್ಕಾರಿ ಶಾಲೆಗಳ ಅನೇಕ ಮಕ್ಕಳಿಗೆ ಆಟ ನಡೆಯುತ್ತಿದೆ ಎಂಬುದೇ ಸರಿಯಾಗಿ ತಿಳಿದಿರಲಿಲ್ಲ.

ಇಷ್ಟೆಲ್ಲ ಬಿಚ್ಚಿಟ್ಟ ಪುಸ್ತಕ ಕೊನೆಗೆ ಎಲ್ಲಿಗೆ ಬಂದು ನಿಲ್ಲುತ್ತದೆ? ಇಲ್ಲಿಯೇ ನನ್ನ ತಕರಾರು. ಸುಧಾರಣೆಯ ಮಾತು ಪುಸ್ತಕದಲ್ಲಿ ಇಲ್ಲವೆಂದಲ್ಲ. ಆದರೆ ವಿದ್ಯಾರ್ಥಿಗಳಿಗೆ ಅದು ಕೊಡುವ ಬುದ್ಧಿವಾದ ಆಟವನ್ನು ಜಾಣತನದಿಂದ ಆಡುವುದು ಹೇಗೆ ಎಂಬುದು. ಓಟದಲ್ಲಿ ಕೆಲವರನ್ನು ಹತ್ತು ಹೆಜ್ಜೆ ಮುಂದೆ ನಿಲ್ಲಿಸಲಾಗಿದೆ ಎಂದು ಸಾಬೀತು ಮಾಡಿದವರೇ, ನೀನೂ ಹೋಗಿ ಅಲ್ಲಿ ನಿಲ್ಲು ಎನ್ನುತ್ತಾರೆ. ಒಬ್ಬ ವಿದ್ಯಾರ್ಥಿಗೆ ಇದು ಸರಿಯಾದ ಸಲಹೆಯೇ. ಆದರೆ ಈ ಪುಸ್ತಕವನ್ನು ಕೊಂಡು ಓದುವವರು ಯಾರು? ಮೊದಲೇ ಕಿವಿಗೆ ಬಿದ್ದವರು. ಅವರ ಓಟ ಇನ್ನಷ್ಟು ಚುರುಕಾಗುತ್ತದೆ, ಹಿಂದಿನವರ ಅಂತರ ಇನ್ನಷ್ಟು ಹೆಚ್ಚುತ್ತದೆ.

ಒಂದು ಸಂಸ್ಥೆ ತಾನೇ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದನ್ನು ಪುಸ್ತಕ ಬಂದ ಮೇಲಿನ ಚರಿತ್ರೆ ಹೇಳುತ್ತದೆ. ಇದು ಅನುಕೂಲಸ್ಥರಿಗೇ ಇನ್ನಷ್ಟು ಅನುಕೂಲ ಮಾಡುತ್ತಿದೆ ಎಂದು ಒಪ್ಪಿ 2006ರಲ್ಲಿ ಹಾರ್ವರ್ಡ್ ಮುಂಚಿತ ಪ್ರವೇಶ ಕೈಬಿಡುವುದಾಗಿ ಘೋಷಿಸಿತು. ಪ್ರಿನ್ಸ್‌ಟನ್ ಮತ್ತು ವರ್ಜೀನಿಯಾ ವಿಶ್ವವಿದ್ಯಾಲಯಗಳು ಹಿಂಬಾಲಿಸಿದವು. ಉಳಿದವು ಅಲುಗಲಿಲ್ಲ. 2011ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್ ಎರಡೂ ಹಳೆಯ ದಾರಿಗೆ ಮರಳಿದವು. ಒಬ್ಬರು ನ್ಯಾಯವಂತರಾಗಿ ಉಳಿದವರು ಹಾಗೆಯೇ ಇದ್ದರೆ ನ್ಯಾಯವಂತರಿಗೇ ನಷ್ಟ ಎಂಬ ಮಾರುಕಟ್ಟೆಯ ತರ್ಕ ಅಲ್ಲಿ ಗೆದ್ದಿತು. 2023ರಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಮಾನ ಪರೀಕ್ಷಾ ಅಂಕಗಳಿದ್ದರೂ ಮಧ್ಯಮ ವರ್ಗದ ಮಕ್ಕಳಿಗಿಂತ ಅತಿ ಶ್ರೀಮಂತ ಶೇಕಡಾ ಒಂದರಷ್ಟು ಕುಟುಂಬಗಳ ಮಕ್ಕಳು ಈ ಪ್ರತಿಷ್ಠಿತ ಕಾಲೇಜುಗಳನ್ನು ಸೇರುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು.

ನಮ್ಮಲ್ಲಿ 1994ರಿಂದ ನಡೆದುಬಂದ ಸಿಇಟಿಯೊಂದಿಗೆ ಇದನ್ನು ಹೋಲಿಸಿ ನೋಡಬಹುದು. ಸಿಇಟಿಯ ಕುಂದುಗಳು ನಮಗೆ ಗೊತ್ತೇ ಇವೆ. ಕೋಚಿಂಗ್‌ಗೆ ದುಡ್ಡಿದ್ದವರು ಮುಂದೆ, ಮ್ಯಾನೇಜ್‌ಮೆಂಟ್ ಕೋಟಾ ಎಂಬ ಹಿಂಬಾಗಿಲು ಬೇರೆ. ಆದರೂ ಅದರಲ್ಲಿ ಒಂದು ಮರ್ಯಾದೆಯಿದೆ. ಬೀಡಿ ಕಟ್ಟುವ ತಾಯಿಯ ಮಗಳೂ ರ‍್ಯಾಂಕ್ ಬಂದ ಮೇಲೆ, ಹಿಂದಿನ ವರ್ಷ ಯಾವ ಕಾಲೇಜಿನ ಸೀಟು ಎಷ್ಟನೇ ರ‍್ಯಾಂಕ್‌ಗೆ ಮುಗಿದಿತ್ತು ಎಂದು ನೋಡಿ ಆಯ್ಕೆ ಪಟ್ಟಿ ತುಂಬಬಹುದು. ತನ್ನ ಸ್ಥಾನ ತಿಳಿದು ಆರಿಸುತ್ತಾಳೆ. ಅಲ್ಲಿ ಹಾಗಲ್ಲ. ತನ್ನ ಸ್ಥಾನವೂ ತಿಳಿಯದೆ, ಖರ್ಚೂ ಪೂರ್ತಿ ತಿಳಿಯದೆ ಮೊದಲೇ ಮಾತು ಕೊಡಬೇಕು.

ಇಲ್ಲಿಂದ ಅರ್ಜಿ ಹಾಕುವ ಮಕ್ಕಳ ಪಾಡು ಇನ್ನೂ ಕಷ್ಟ. ನವೆಂಬರ್ ಎಂದರೆ ದ್ವಿತೀಯ ಪಿಯುಸಿಯ ನಡುಮಧ್ಯ. ಶಿಫಾರಸು ಪತ್ರ ಬರೆದು ರೂಢಿಯಿಲ್ಲದ ಪ್ರಾಂಶುಪಾಲರ ಮುಂದೆ ನಿಂತು ವಿದ್ಯಾರ್ಥಿಯೇ ಎಲ್ಲವನ್ನೂ ವಿವರಿಸಬೇಕು. ಜೊತೆಗೆ ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿ ಹಣದ ನೆರವು ಕೇಳಿದ್ದಾನೆಯೇ ಎಂಬುದನ್ನೂ ಪರಿಗಣಿಸುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವೇ ಸಂಸ್ಥೆಗಳು ಅದನ್ನು ನೋಡುವುದಿಲ್ಲ. ಇದನ್ನು ತಿಳಿಯದೆ ಸಹಿ ಹಾಕಿದ ಮಗು ಸೀಟು ಸಿಗದಿದ್ದಾಗ ತನ್ನ ಬುದ್ಧಿಯನ್ನೇ ಹಳಿದುಕೊಳ್ಳುತ್ತದೆ.

ಈ ಪುಸ್ತಕ ಓದಿದವರು ಆ ಮಗುವಿಗೆ ಹೇಳಬೇಕಾದದ್ದು ಇಷ್ಟೇ: ನಿನಗೆ ಸಿಕ್ಕ ಉತ್ತರ ನಿನ್ನ ಬುದ್ಧಿಯ ಅಳತೆಯಲ್ಲ. ನಿನ್ನ ಮನೆಗೆ ಸುದ್ದಿ ಎಷ್ಟು ಬೇಗ ತಲುಪಿತು, ಅಪ್ಪನ ಜೇಬಿನಲ್ಲಿ ಎಷ್ಟಿತ್ತು ಎಂಬುದೂ ಅದರಲ್ಲಿ ಸೇರಿದೆ. ಅವಕಾಶವನ್ನು ಲೆಕ್ಕ ಹಾಕುವುದನ್ನು ಈ ಪುಸ್ತಕ ಚೆನ್ನಾಗಿ ಕಲಿಸುತ್ತದೆ. ಲೆಕ್ಕ ಬರೆದ ಕೈ ಯಾರದು ಎಂದು ಕೇಳುವ ಕೆಲಸ ಓದುಗರಾದ ನಮ್ಮದು.